ನಾಣ್ಯದ ಹಸಿರು ಜಿಗುಟಿಗೆ ಅಸಿಟೋನೇ ಮದ್ದು: ನಾಲ್ಕು ದ್ರವಗಳನ್ನು ಬಳಸಿ ನೋಡಿದ ಅನುಭವ

ಹಳೆಯ ನಾಣ್ಯಕ್ಕೆ ಮೆತ್ತಿದ ಜಿಗುಟನ್ನು ಯಾವುದರಿಂದ ತೆಗೆಯಬೇಕು ಎಂದು ಯಾರು ಕೇಳಿದರೂ ನಾನು ಅಸಿಟೋನ್ ಎಂದೇ ಹೇಳುತ್ತೇನೆ. ಬಟ್ಟಿ ಇಳಿಸಿದ ನೀರು, ಐಸೊಪ್ರೊಪೈಲ್ ಆಲ್ಕೊಹಾಲ್, ಪೇಂಟ್ ತೆಳುವಾಗಿಸಲು ಬಳಸುವ ಕ್ಸೈಲೀನ್ ಮೂರನ್ನೂ ಬಳಸಿ ನೋಡಿದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ.

ಇಷ್ಟೆಲ್ಲ ಪರೀಕ್ಷೆಗೆ ಕಾರಣ ಒಂದು ಖರೀದಿ. ಐದನೆಯ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಗಳ ಗಂಟೊಂದನ್ನು ಆನ್‌ಲೈನ್‌ನಲ್ಲಿ ಕೊಂಡಿದ್ದೆ. ಫೋಟೋದಲ್ಲಿ ಅವು ಚೆನ್ನಾಗಿಯೇ ಇದ್ದವು. ಮನೆಗೆ ಬಂದಾಗ ಪ್ರತಿಯೊಂದೂ ಮೆತ್ತನೆಯ ಪ್ಲಾಸ್ಟಿಕ್ ಲಕೋಟೆಯೊಳಗಿತ್ತು. ಬಿಡಿಸಿದರೆ ಹೊಸ ರೇನ್‌ಕೋಟಿನಂಥ ವಾಸನೆ. 1918ರ ರೂಪಾಯಿಯೊಂದನ್ನು ಭೂತಗನ್ನಡಿಯಡಿ ಹಿಡಿದೆ. ರಾಜನ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆ ಇರುತ್ತದೆ. 1911ರ ನಾಣ್ಯದಲ್ಲಿ ಅದು ಹಂದಿಯಂತೆ ಕಾಣುತ್ತದೆಂದು ಜನ ಸಿಟ್ಟಾಗಿ, 1912ರಿಂದ ತಿದ್ದಿ ಅಚ್ಚು ಹಾಕಿದ ಆನೆ. ಅದರ ಸೊಂಡಿಲಿನ ಕೆಳಗೆ, ಕಾಲುಗಳ ಸಂದಿಯಲ್ಲಿ ಹಸಿರು ಅಂಟು ತುಂಬಿಕೊಂಡಿತ್ತು.

ಬೆಳ್ಳಿಯ ಮೇಲೆ ಹಸಿರು ಹೇಗೆ ಬಂತು? ಆ ರೂಪಾಯಿಯಲ್ಲಿ ಬೆಳ್ಳಿ ಶೇ. 91.7 ಮಾತ್ರ, ಉಳಿದದ್ದು ಬಹುಮಟ್ಟಿಗೆ ತಾಮ್ರ. ಆ ಲಕೋಟೆಗಳು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ಅದು ಮೆತ್ತಗಿರಲಿ ಎಂದು ಬೆರೆಸಿದ ಎಣ್ಣೆಯಂಥ ಪದಾರ್ಥ ವರ್ಷಗಳು ಕಳೆದಂತೆ ಹೊರಕ್ಕೆ ಒಸರುತ್ತದೆ. ಪ್ಲಾಸ್ಟಿಕ್ ಹಾಳಾಗುತ್ತಾ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಆ ಆಮ್ಲ ತಾಮ್ರವನ್ನು ತಿನ್ನುತ್ತದೆ, ಅಂಟಿಗೆ ಹಸಿರು ಬರುವುದು ಅದರಿಂದಲೇ. ಹಾಗಾಗಿ ನೋಡಿಕೊಂಡು ಸುಮ್ಮನಿರುವಂತಿಲ್ಲ, ಬಿಟ್ಟಷ್ಟೂ ನಾಣ್ಯ ಸವೆಯುತ್ತದೆ.

ಬಟ್ಟಿ ಇಳಿಸಿದ ನೀರು ಮಣ್ಣಿಗೂ ಉಪ್ಪಿಗೂ ಒಳ್ಳೆಯದು, ಈ ಅಂಟಿಗೆ ನಿಷ್ಪ್ರಯೋಜಕ. ಮಣ್ಣು ಮೆತ್ತಿದ ನಾಣ್ಯವಾದರೆ ನಾನು ಈಗಲೂ ಮೊದಲು ನೀರಿನಲ್ಲಿ ನೆನೆಸಿ, ಆಮೇಲೆ ಅಸಿಟೋನಿಗೆ ಹಾಕುತ್ತೇನೆ. ಉಳಿದ ನೀರಿನಂಶವನ್ನು ಅಸಿಟೋನ್ ತನ್ನೊಳಗೆ ಎಳೆದುಕೊಳ್ಳುತ್ತದೆ.

ಐಸೊಪ್ರೊಪೈಲ್ ಆಲ್ಕೊಹಾಲ್ ಔಷಧದ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ವಾಸನೆಯೂ ಸಹ್ಯ. ಆದರೆ ಅಲ್ಲಿ ಸಿಗುವುದು ಸಾಮಾನ್ಯವಾಗಿ ಶೇ. 70ರದ್ದು, ಉಳಿದದ್ದು ನೀರು. ಬೆರಳಿನ ಜಿಡ್ಡು ಹೋಯಿತು. ಹಸಿರು ಅಂಟು ಮಾತ್ರ ಸಡಿಲವಾಗಿ ಅಕ್ಷರಗಳ ಸುತ್ತ ಹರಡಿಕೊಂಡಿತೇ ಹೊರತು ನಾಣ್ಯ ಬಿಟ್ಟು ಹೋಗಲಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರ್ ಅಂತೂ ಬೇಡವೇ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ.

ಕ್ಸೈಲೀನ್ ಜಿಡ್ಡು, ಮೇಣ, ಹಳೆಯ ಎಣ್ಣೆಗೆ ಗಟ್ಟಿಗ. ತಾಮ್ರದ ನಾಣ್ಯಕ್ಕೆ ಅದನ್ನೇ ಮೆಚ್ಚುವ ಸಂಗ್ರಾಹಕರಿದ್ದಾರೆ. ಅಂಟನ್ನೂ ಬಿಡಿಸಿತು. ಆದರೆ ಬೇಗ ಆರುವುದಿಲ್ಲ, ಕೊನೆಗೆ ಅಸಿಟೋನಿನಲ್ಲೇ ತೊಳೆಯಬೇಕು. ಅದರ ಆವಿ ತಲೆಗೇರುತ್ತದೆ, ಆರೋಗ್ಯಕ್ಕೂ ಕೆಟ್ಟದ್ದು. ಮನೆಯಲ್ಲಿ ಬಿಡುವಾದಾಗ ಕೂತು ಈ ಕೆಲಸ ಮಾಡುವ ನನ್ನಂಥವರಿಗೆ ಅದು ಹೊಂದುವುದಿಲ್ಲ.

ಇನ್ನು ಅಸಿಟೋನ್. ಅದೇ 1918ರ ರೂಪಾಯಿಯನ್ನು ಗಾಜಿನ ಬಟ್ಟಲಲ್ಲಿ ಮುಳುಗಿಸಿಟ್ಟು, ಹತ್ತಿ ಸುತ್ತಿದ ಬಿದಿರು ಕಡ್ಡಿಯನ್ನು ಆನೆಯ ಮೇಲೆ ಒತ್ತದೆ ಉರುಳಿಸಿದರೆ ಸಾಕು, ಹತ್ತಿ ಹಸಿರಾಯಿತು, ಸೊಂಡಿಲು ಬಿಡಿಯಾಗಿ ಕಂಡಿತು. ಬೆಳ್ಳಿಯ ಬೂದು ಛಾಯೆ ಇದ್ದಂತೆಯೇ ಉಳಿಯಿತು. ನನಗೆ ಬೇಕಾದದ್ದು ಇದೇ: ಮೇಲೆ ಬಂದು ಕೂತದ್ದು ಹೋಗಬೇಕು, ನಾಣ್ಯದ ಸ್ವಂತ ಮೈಬಣ್ಣ ಹೋಗಬಾರದು. ಸೆಲೋಟೇಪಿನ ಗೋಂದು, ಯಾರೋ ಬಳಿದ ವಾರ್ನಿಷ್ ಕೂಡ ಹೀಗೆಯೇ ಹೋಗುತ್ತವೆ.

ಅಸಿಟೋನಿನ ಒಂದೇ ಒಂದು ಕಾಟ ನನ್ನ ತಾಳ್ಮೆ ಪರೀಕ್ಷಿಸಿತು: ಆರಿದ ಮೇಲೆ ಉಳಿಯುವ ಬಿಳಿ ಪೊರೆ. ಬಟ್ಟಲಿನಿಂದ ತೆಗೆದಾಗ ಚೊಕ್ಕಟವಾಗಿದ್ದ ನಾಣ್ಯ ಕಣ್ಣೆದುರೇ ಮಸುಕಾಗಿ, ಅಂಚಿನಲ್ಲಿ ಉಂಗುರದಂಥ ಕಲೆ ಮೂಡುತ್ತಿತ್ತು. ಒಂದು ನಾಣ್ಯದಲ್ಲಿ ಮೂಡಿದರೆ ಮತ್ತೊಂದರಲ್ಲಿ ಇಲ್ಲ. ಬೆಳ್ಳಿಯೇ ಕೆಟ್ಟಿತೇನೋ ಎಂಬ ದಿಗಿಲು ಬೇರೆ. ಕೂತು ಗಮನಿಸಿದಾಗ ಎರಡು ಕಾರಣಗಳು ಹೊರಬಿದ್ದವು. ಮೊದಲನೆಯದು, ಅಂಟು ಕರಗಿದ ಅಸಿಟೋನಿನಲ್ಲೇ ಮುಂದಿನ ನಾಣ್ಯವನ್ನೂ ಅದ್ದಿದರೆ ಆ ಅಂಟು ತೆಳುವಾಗಿ ಹರಡಿ ಅದರ ಮೇಲೆಯೇ ಒಣಗುತ್ತದೆ. ಎರಡನೆಯದು ಮಳೆಗಾಲ. ಅಸಿಟೋನ್ 56 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ದ್ರವ. ಹೊರಗಿಟ್ಟರೆ ಸರಸರನೆ ಆವಿಯಾಗಿ ನಾಣ್ಯದ ಶಾಖವನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ತಣ್ಣಗಾದ ಲೋಹದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಆ ಹನಿ ಆರಿದ ಜಾಗದಲ್ಲಿ ಕಲೆ.

ಪರಿಹಾರವೂ ಇದರೊಳಗೇ ಇತ್ತು. ಈಗ ಮೂರು ಗಾಜಿನ ಬಟ್ಟಲು ಇಡುತ್ತೇನೆ. ಮೊದಲಿನದರಲ್ಲಿ ಅಂಟು ಬಿಡಿಸುವುದು, ಎರಡನೆಯದರಲ್ಲಿ ಜಾಲಾಡಿಸುವುದು, ಮೂರನೆಯದರಲ್ಲಿ ಆಗಷ್ಟೇ ಬಾಟಲಿಯಿಂದ ಸುರಿದ ಅಸಿಟೋನಿನಲ್ಲಿ ಕೊನೆಯ ಅದ್ದು. ಹೊರತೆಗೆದ ಕೂಡಲೇ ನಾಣ್ಯವನ್ನು ನೆಟ್ಟಗೆ ಹಿಡಿದು ಕೆಳ ಅಂಚನ್ನು ಟಿಶ್ಯೂ ಕಾಗದಕ್ಕೆ ತಾಗಿಸಿದರೆ ದ್ರವವೆಲ್ಲ ಅತ್ತ ಇಳಿಯುತ್ತದೆ. ಮುಖಕ್ಕೆ ಏನನ್ನೂ ತಾಗಿಸಬಾರದು, ಒರೆಸಲೇಬಾರದು. ಜಡಿಮಳೆಯ ದಿನ ಈ ಕೆಲಸಕ್ಕೆ ಕೈಹಾಕುವುದಿಲ್ಲ. ಒಣ ಬಿಸಿಲಿರುವ ಮಧ್ಯಾಹ್ನ ಮನೆಯ ತಾರಸಿಯೇ ಸರಿಯಾದ ಜಾಗ. ಈ ಕ್ರಮಕ್ಕೆ ಬಂದ ಮೇಲೆ ಪೊರೆಯ ಕಾಟ ತಪ್ಪಿತು.

ಪ್ಲಾಸ್ಟಿಕ್ ಬಟ್ಟಲು ಬೇಡ, ಎಷ್ಟೋ ಬಗೆಯ ಪ್ಲಾಸ್ಟಿಕ್ ಕರಗುತ್ತದೆ. ನಾಣ್ಯ ಹಿಡಿಯುವ ಚಿಮಟದ ತುದಿಯ ಮೆತ್ತನೆ ಹೊದಿಕೆಗೂ ಅದೇ ಗತಿ. ತೆಳುವಾದ ನೈಟ್ರೈಲ್ ಕೈಗವಸು ಅಸಿಟೋನಿಗೆ ತಡೆಯುವುದಿಲ್ಲ. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಸುಗಂಧ, ಬಣ್ಣ, ಎಣ್ಣೆ ಬೆರೆತಿರುತ್ತವೆ, ಆದ್ದರಿಂದ ಅದೂ ಬೇಡ; ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಯ ಶುದ್ಧ ಅಸಿಟೋನನ್ನೇ ಕೇಳಿ ತರಬೇಕು. ಬಣ್ಣ ಮುದ್ರಿಸಿದ ಇತ್ತೀಚಿನ ಸ್ಮರಣಾರ್ಥ ನಾಣ್ಯವನ್ನು ಅದ್ದಿದರೆ ಬಣ್ಣವೇ ಹೋದೀತು.

ತಾಮ್ರದ ವಿಷಯ ಬೇರೆ. ನನ್ನಲ್ಲಿ ಟಿಪ್ಪುವಿನ ಆನೆ ಪೈಸೆಯೊಂದಿದೆ, ಅದರ ಮೇಲೂ ಹಸಿರಿದೆ. ಕಡ್ಡಿ ತಾಗಿಸಿದರೆ ಅಂಟಲಿಲ್ಲ, ಗಟ್ಟಿಯಾಗಿ ಕೂತಿತ್ತು. ಅದು ಕಾಲಾಂತರದಲ್ಲಿ ಕಟ್ಟಿದ ಕಿಲುಬು, ಅಸಿಟೋನಿಗೆ ಅಲುಗುವುದಿಲ್ಲ, ಅಲುಗಬೇಕಾಗಿಯೂ ಇಲ್ಲ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡಿನಿಂದ ಬರುವ ರೋಗ. ಅದಕ್ಕೆ ಚಿಕಿತ್ಸೆ ಬೇರೆಯೇ ಇದೆ, ಅಂಥ ನಾಣ್ಯವನ್ನು ಮೊದಲು ಉಳಿದವುಗಳಿಂದ ದೂರ, ಒಣ ಜಾಗದಲ್ಲಿಡಬೇಕು. ಹುಣಸೆಹಣ್ಣು, ನಿಂಬೆರಸ, ಪಾತ್ರೆ ಬೆಳಗುವ ಪುಡಿ ಹಾಕಿ ಉಜ್ಜಿದ ಪೈಸೆಗಳನ್ನು ನಾಣ್ಯ ಪ್ರದರ್ಶನಗಳಲ್ಲಿ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಇನ್ನೂರು ವರ್ಷ ದಾಟಿದ ನಾಣ್ಯ ನಸುಗೆಂಪಾಗಿ ಹೊಳೆಯುತ್ತಿರುತ್ತದೆ, ಬಲ್ಲವರು ಕೈಗೂ ತೆಗೆದುಕೊಳ್ಳುವುದಿಲ್ಲ.

ಅರ್ಧ ಲೀಟರ್ ಅಸಿಟೋನಿಗೆ ಕೆಲವು ನೂರು ರೂಪಾಯಿ ಆಗುತ್ತದೆ. ವಾರಾಂತ್ಯಕ್ಕೆ ಬೆರಳೆಣಿಕೆಯ ನಾಣ್ಯ ನೋಡುವ ನನಗೆ ಒಂದು ಬಾಟಲಿ ತುಂಬಾ ದಿನ ಬರುತ್ತದೆ. ತಿಂಗಳಿಗೆ ನೂರಾರು ನಾಣ್ಯ ತಿರುಗಿಸುವ ವ್ಯಾಪಾರಿಗೆ, ಅದರಲ್ಲೂ ತಾಮ್ರವೇ ಹೆಚ್ಚಿದ್ದು ಗಾಳಿಯಾಡುವ ಕೆಲಸದ ಕೋಣೆಯೂ ಇದ್ದರೆ, ಕ್ಸೈಲೀನ್ ಹೊಂದಬಹುದು. ಯಾವುದನ್ನು ತಂದರೂ ಒಲೆ, ದೇವರ ದೀಪ, ಸ್ವಿಚ್ಚುಗಳಿಂದ ದೂರವಿಡಿ, ಅಸಿಟೋನಿನ ಆವಿಗೆ ಒಂದು ಕಿಡಿ ಸಾಕು. ತೊಳೆದ ನಾಣ್ಯವನ್ನು ಹಳೆಯ ಲಕೋಟೆಗೇ ಮರಳಿ ಹಾಕಬೇಡಿ. ನನ್ನ ಜಾರ್ಜ್ ರೂಪಾಯಿಗಳೆಲ್ಲ ಈಗ ಪಿವಿಸಿ ಅಲ್ಲದ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಹೊದಿಕೆಯಲ್ಲಿವೆ.