ಪಿಕಪ್ ಗಾಡಿ ಚೆನ್ನಾಗಿದೆ, ಕ್ಲಚ್ ಸಿಲಿಂಡರ್ ಮೇಲೆ ಒಂದು ಕಣ್ಣಿರಲಿ

ಹಾಸನದಿಂದ ಮಂಗಳೂರಿಗೆ ಶುಂಠಿ, ಆಲೂಗಡ್ಡೆ ಸಾಗಿಸಲು ತೆಗೆದುಕೊಂಡ ಡೀಸೆಲ್ ಪಿಕಪ್ ಇದು. ಮೈಲೇಜು, ಲೋಡು, ಪವರ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾಲ್ಕನೇ ವರ್ಷ ನಡೆಯುತ್ತಿದೆ, ಎಂಜಿನ್‌ಗೆ ಇನ್ನೂ ಕೈ ಹಾಕಿಸಿಲ್ಲ. ನನ್ನ ತಕರಾರೆಲ್ಲ ಕ್ಲಚ್ಚಿನದು.

ಕಳೆದ ಮಳೆಗಾಲದಲ್ಲಿ ಶುರುವಾಯಿತು. ಬೆಳಗ್ಗೆ ಫಸ್ಟ್ ಗೇರ್ ಬೀಳಲು ಹಟ ಮಾಡುತ್ತಿತ್ತು. ರಿವರ್ಸ್ ಹಾಕಿದರೆ ಕರ್ರ್ ಅಂತ ಸದ್ದು, ಮಂಡಿಯಲ್ಲಿ ಹಮಾಲರೆಲ್ಲ ತಿರುಗಿ ನೋಡುವಷ್ಟು. ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದರೆ ಮಾತ್ರ ಸಲೀಸು. ಎಂಜಿನ್ ಆಫ್ ಮಾಡಿ ಹಾಕಿದರೆ ಎಲ್ಲ ಗೇರೂ ಬೆಣ್ಣೆಯ ಹಾಗೆ.

ಸರ್ವಿಸ್ ಸೆಂಟರ್‌ನವರು ಗಾಡಿ ಓಡಿಸಿಯೂ ನೋಡಲಿಲ್ಲ. "ಕ್ಲಚ್ ಪ್ಲೇಟ್ ಹೋಗಿದೆ ಸಾರ್, ಗೇರ್ ಬಾಕ್ಸ್ ಇಳಿಸ್ಬೇಕು" ಅಂದರು. ಎಸ್ಟಿಮೇಟ್ 18 ಸಾವಿರ! ನನಗೆ ಅಲ್ಲೇ ಸಿಟ್ಟು ಬಂತು. ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ನನ್ನ ಗಾಡಿ ವಾಪಸ್ ಬರುವಾಗ ಹೆಂಚು ತುಂಬಿಕೊಂಡು ಶಿರಾಡಿ ಘಾಟಿಯನ್ನು ತಕರಾರಿಲ್ಲದೆ ಹತ್ತುತ್ತಿತ್ತು. ಇದು ಉಲ್ಟಾ ಕೇಸು. ಕ್ಲಚ್ ಹಿಡಿಯುತ್ತಿತ್ತು, ಬಿಡುತ್ತಿರಲಿಲ್ಲ. ಪೂರ್ತಿ ತುಳಿದ ಮೇಲೂ ಪ್ಲೇಟ್ ಎಂಜಿನ್ ಜೊತೆ ತಿರುಗುತ್ತಲೇ ಇದ್ದರೆ ಗೇರ್ ಹೇಗೆ ಬೀಳಬೇಕು? ಪಂಪ್ ಮಾಡಿದರೆ ಸರಿಹೋಗುತ್ತದೆ ಅಂದರೆ ಪೆಡಲ್ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ ಆಯಿಲ್ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲ ಆಯಿಲ್ ಸೋರುತ್ತಿದೆ ಅಂತ ಅರ್ಥ.

ಹೊಳೆನರಸೀಪುರ ರಸ್ತೆಯ ಒಬ್ಬ ಮೆಕ್ಯಾನಿಕ್ ಗೋಣಿಚೀಲ ಹಾಸಿಕೊಂಡು ಗಾಡಿ ಕೆಳಗೆ ನುಸುಳಿದರು. ಗೇರ್ ಬಾಕ್ಸ್ ಪಕ್ಕದಲ್ಲಿದ್ದು ಆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಸ್ಕ್ರೂಡ್ರೈವರ್ ತುದಿಯಿಂದ ಎತ್ತಿದರು. ಕಪ್ಪಗಾದ ಆಯಿಲ್ ಅವರ ಮಣಿಕಟ್ಟಿನ ಮೇಲೆ ಇಳಿಯಿತು. "ಇಷ್ಟೇ ಅಣ್ಣ" ಅಂದರು. ಸಿಲಿಂಡರ್ ಒಳಗೆ ಬೆರಳಾಡಿಸಿ ಗುಳಿ ಬಿದ್ದಿಲ್ಲ ಅಂತ ನೋಡಿಕೊಂಡು ಸೀಲ್ ಕಿಟ್ ಹಾಕಿದರು. ಗುಳಿ ಬಿದ್ದಿದ್ದರೆ ಸಿಲಿಂಡರೇ ಬದಲಿಸಬೇಕಿತ್ತು. ಆಮೇಲೆ ಹುಡುಗನನ್ನು ಸೀಟಿನ ಮೇಲೆ ಕೂರಿಸಿ "ತುಳಿ, ಹಿಡ್ಕೋ, ಬಿಡು" ಅನ್ನುತ್ತಾ ಏರ್ ತೆಗೆದರು. ಸಾವಿರ ರೂಪಾಯಿಯೂ ಆಗಲಿಲ್ಲ.

ಅಲ್ಲಿಂದ ಗಾಡಿಯ ಮೇಲಿನ ಮುನಿಸು ಇಳಿಯಿತು. ರಬ್ಬರ್ ಸವೆಯುವುದು ಗಾಡಿಯ ತಪ್ಪಲ್ಲ, ಅಲ್ವಾ? ಕ್ಲಚ್‌ಗೆ ಹಾಕುವುದು ಬ್ರೇಕ್ ಆಯಿಲ್, ಅದು ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಪ್ರತಿ ಸರ್ವಿಸ್‌ಗೂ ಬಿಲ್ ಹಾಕಿದವರು ಆ ಕೆಲಸ ಮಾಡಿರಲಿಲ್ಲ, ಆ ಕೋಪ ಮಾತ್ರ ಹಾಗೇ ಇದೆ.

ಈಗ ಲೋಡ್ ಹಾಕುವ ಮೊದಲು ಬಾನೆಟ್ ಎತ್ತುತ್ತೇನೆ. ಕ್ಲಚ್ ಆಯಿಲ್ ಡಬ್ಬಿಯ ಧೂಳು ಬಟ್ಟೆಯಲ್ಲಿ ಒರೆಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟರೆ ಮಟ್ಟ ಚೆನ್ನಾಗಿ ಕಾಣುತ್ತದೆ. ಆಮೇಲೆ ಮಂಡಿಯೂರಿ ಆ ರಬ್ಬರ್ ಟೋಪಿ ಮುಟ್ಟಿ ನೋಡುತ್ತೇನೆ. ಬೆರಳು ಒಣಗಿದ್ದರೆ ಟೀ ಕುಡಿಯಲು ಹೊರಟೆ. "ದೇವರಿಗಿಂತ ಗಾಡಿಗೇ ಪೂಜೆ ಜಾಸ್ತಿ ಆಯ್ತು" ಅಂತ ಮನೆಯವಳು ನಗುತ್ತಾಳೆ.

ಎಲ್ಲರ ಗಾಡಿಗೂ ಇದೇ ರೋಗ ಅಂತಲ್ಲ. ಎಂಜಿನ್ ಆಫ್ ಇದ್ದಾಗಲೂ ಗೇರ್ ಗಟ್ಟಿಯಾಗಿದ್ದರೆ ಗೇರ್ ಕೇಬಲ್, ಲಿವರ್ ಬುಷ್ ನೋಡಿಸಿ. ಚಳಿಯಲ್ಲಿ ಮಾತ್ರ ಗಟ್ಟಿ, ಬಿಸಿಯಾದ ಮೇಲೆ ಸರಿ ಅಂದರೆ ಗೇರ್ ಆಯಿಲ್ ಮೇಲೆ ಅನುಮಾನ ಪಡಿ. ಅಂಗಡಿಯವನು "ಇದು ಇನ್ನೂ ಒಳ್ಳೇದು" ಅಂತ ಕೊಟ್ಟದ್ದನ್ನು ಸುಮ್ನೆ ಸುರಿಯಬೇಡಿ. ಗಾಡಿಯ ಪುಸ್ತಕದಲ್ಲಿ ಗೇರ್ ಆಯಿಲ್ ದರ್ಜೆ ಜಿಎಲ್-4 ಅಂತಿದ್ದರೆ ಅದನ್ನೇ ಹಾಕಿ, ಎಲ್ಲ ಜಿಎಲ್-5 ಆಯಿಲೂ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗೆ ಆಗಿಬರುವುದಿಲ್ಲ. ಪೆಡಲ್ ತುಳಿದಾಗ ಮಾತ್ರ ಕಿರ್ ಅಂದರೆ ಹೆಚ್ಚಾಗಿ ಕ್ಲಚ್ ಬಿಡಿಸಲು ಒತ್ತುವ ರಿಲೀಸ್ ಬೇರಿಂಗ್ ಹೋಗಿದೆ ಅಂತ. ಆಗ ಗೇರ್ ಬಾಕ್ಸ್ ಇಳಿಸದೆ ವಿಧಿಯಿಲ್ಲ, ಜೊತೆಗೇ ಪ್ಲೇಟನ್ನೂ ನೋಡಿಸಿಬಿಡಿ.

ಗಾಡಿಗೆ ಐದಕ್ಕೆ ನಾಲ್ಕು, ಸರ್ವಿಸ್‌ಗೆ ಒಂದೂವರೆ. ಇದೇ ಗಾಡಿ ಸೆಕೆಂಡ್ ಹ್ಯಾಂಡ್ ನೋಡುವವರು ಕ್ಲಚ್ ಪೆಡಲ್ ಮೇಲ್ಗಡೆ ರಾಡ್ ಒಳಹೋಗುವ ಜಾಗಕ್ಕೆ ಕೈ ಹಾಕಿ. ಅಂಟಂಟು ಅನಿಸಿದರೆ ಪೆಡಲ್ ಕಡೆಯಿಂದ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಎಂಜಿನ್ ಆನ್ ಇಟ್ಟು ಫಸ್ಟ್ ಗೇರಿನಲ್ಲಿ ಕ್ಲಚ್ ಪೆಡಲ್ ಪೂರ್ತಿ ತುಳಿದು ಒಂದು ನಿಮಿಷ ಹಿಡಿದು ಕೂತುಕೊಳ್ಳಿ. ಗಾಡಿ ತಾನಾಗಿ ತೆವಳಲು ಶುರುಮಾಡಿದರೆ ರೇಟು ಇಳಿಸಿ ಮಾತಾಡಿ.