ಅಮ್ಮ ಕೆಳಗೆ, ಮಗಳು ಮೇಲೆ: ಎರಡಂತಸ್ತಿನ ಮಂಚದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ ಸ್ಟಾರ್. ಏಣಿಗೆ ಒಂದು ಕಟ್, ತಡ ಮಾಡಿದ್ದಕ್ಕೆ ಅರ್ಧ ಕಟ್. ರೇಲಿಂಗ್‌ಗೂ ಸ್ವಲ್ಪ ಕಟ್ ಮಾಡಬೇಕಿತ್ತು. ಆದರೆ ಅದರಲ್ಲಿ ಅರ್ಧ ತಪ್ಪು ನನ್ನದೇ. ಅದನ್ನು ಆಮೇಲೆ ಹೇಳುತ್ತೇನೆ.

ಅಂಗಡಿಯ ಹೆಸರು ಬರೆಯುವುದಿಲ್ಲ. ರಿಂಗ್ ರೋಡ್ ಪಕ್ಕದ ಒಂದು ಶೆಡ್ಡು. ಆಚಾರ್ರು ಒಬ್ಬರು, ಉತ್ತರ ಪ್ರದೇಶದ ಹುಡುಗರು ಇಬ್ಬರು. ಮಾಡಿಸಿದ್ದು ಬಂಕ್ ಬೆಡ್, ಅಂದರೆ ರೈಲಿನ ಬರ್ತ್ ತರ ಒಂದರ ಮೇಲೊಂದು ಮಂಚ. ಕಾಲುಗಳಿಗೆ ಮತ್ತಿ ಮರ, ಹಲಗೆಗೆ 19 ಎಂಎಂ ಪ್ಲೈವುಡ್. ಒಟ್ಟು 41,500 ರೂಪಾಯಿ.

ಇಂಥ ಮಂಚವನ್ನು ಸಾಮಾನ್ಯವಾಗಿ ಚಿಕ್ಕ ಮಕ್ಕಳಿಗೆ ಮಾಡಿಸುತ್ತಾರೆ. ನಮ್ಮಲ್ಲಿ ಕೆಳಗೆ ಮಲಗುವುದು ನನ್ನ ಅಮ್ಮ, 71 ವರ್ಷ. ಮೇಲೆ ಮಗಳು, ಎಂಟನೇ ಕ್ಲಾಸು.

ನಾವಿರುವುದು ನಂದಿನಿ ಲೇಔಟ್ ಹತ್ತಿರ. ಇಪ್ಪತ್ತು-ಮೂವತ್ತು ಸೈಟಿನ ಮನೆ, ಎರಡನೇ ಮಹಡಿ, ಬಾಡಿಗೆ 17,000. ಎರಡು ರೂಮು. ದೊಡ್ಡದರಲ್ಲಿ ನಾನು, ಹೆಂಡತಿ, ಮಗ. ಚಿಕ್ಕದು ಅಳತೆಗೆ 8 ಅಡಿ 10 ಇಂಚು, 9 ಅಡಿ. ಮೂರು ವರ್ಷದ ಹಿಂದೆ ಅಪ್ಪ ಹೋದ ಮೇಲೆ ಅಮ್ಮನನ್ನು ತಿಪಟೂರು ಕಡೆಯ ನಮ್ಮೂರಿಂದ ಕರೆದುಕೊಂಡು ಬಂದೆವು. ಅಲ್ಲಿಯವರೆಗೆ ಚಿಕ್ಕ ರೂಮು ಮಗಳದ್ದಾಗಿತ್ತು.

ಅಮ್ಮನಿಗೆ ಕಬ್ಬಿಣದ ಹಳೇ ಮಂಚ, ಮಗಳಿಗೆ ನೆಲದ ಮೇಲೆ ಹಾಸಿಗೆ. ಹಾಸಿಗೆ ಹಾಸಿದರೆ ಬಾಗಿಲು ಪೂರ್ತಿ ತೆಗೆಯಲು ಆಗುತ್ತಿರಲಿಲ್ಲ. ಅಮ್ಮ ಒಂಬತ್ತಕ್ಕೆ ಮಲಗುವವರು, ಬೆಳಿಗ್ಗೆ ಐದಕ್ಕೆ ಏಳುವವರು. ಮಗಳು ಹನ್ನೊಂದೂವರೆವರೆಗೆ ಓದುವವಳು. ಒಂದೇ ಟ್ಯೂಬ್‌ಲೈಟು. ರಾತ್ರಿ ಅಜ್ಜಿ ಮುಖದ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು, ಬೆಳಿಗ್ಗೆ ಮೊಮ್ಮಗಳು ದಿಂಬಿನ ಕೆಳಗೆ ತಲೆ ತೂರಿಸುತ್ತಿದ್ದಳು. ಇಬ್ಬರೂ ನನ್ನ ಹತ್ತಿರ ದೂರು ಹೇಳಲಿಲ್ಲ. ಅದೇ ನನಗೆ ಜಾಸ್ತಿ ಕಷ್ಟ ಆಗಿದ್ದು.

ಹಾಗಾಗಿ ಮೂರು ರೂಮಿನ ಮನೆ ಹುಡುಕೋಣ ಅಂತ ಹೊರಟೆವು. ಮಂಚದ ರಿವ್ಯೂನಲ್ಲಿ ಮನೆ ಕಥೆ ಯಾಕೆ ಅಂತ ಕೇಳಬೇಡಿ. ಬೆಂಗಳೂರಿನಲ್ಲಿ ಬಂಕ್ ಬೆಡ್ ಮಾಡಿಸುವ ಬಹಳಷ್ಟು ಮನೆಗಳ ಹಿಂದೆ ಇದೇ ಕಥೆ ಇರುತ್ತದೆ.

ಭಾನುವಾರ ಬಂದರೆ ಸೈಟ್ ವಿಸಿಟ್. ತುಮಕೂರು ರಸ್ತೆ, ಮಾಗಡಿ ರಸ್ತೆ, ಎಲ್ಲ ಸುತ್ತಿದೆವು. ಕೆಲವರು ಕಾರು ಕಳಿಸುತ್ತಾರೆ, ಕಾಫಿ ಕೊಡುತ್ತಾರೆ. ಮಗನಿಗೆ ಅದು ಟೂರ್ ಆಗಿಬಿಟ್ಟಿತ್ತು. ನಾನು ಪೀಣ್ಯದ ಒಂದು ಮೆಷೀನ್ ಶಾಪಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಟೇಪ್ ಜೇಬಿನಲ್ಲೇ ಇರುತ್ತದೆ. ಸೇಲ್ಸ್ ಹುಡುಗರಿಗೆ ಟೇಪ್ ಕಂಡರೆ ಆಗುವುದಿಲ್ಲ. "ಸಾರ್, ಪ್ಲಾನಲ್ಲೇ ಎಲ್ಲಾ ಇದೆಯಲ್ಲ ಸಾರ್" ಅನ್ನುತ್ತಾರೆ.

ನಮಗೆ ಹಿಡಿಸಿದ ಒಂದು ಫ್ಲಾಟು 1,320 ಚದರಡಿ ಅಂತ ದೊಡ್ಡ ಅಕ್ಷರದಲ್ಲಿತ್ತು. ಅದು ಸೂಪರ್ ಬಿಲ್ಟಪ್. ಲಿಫ್ಟು, ಮೆಟ್ಟಿಲು, ಕಾರಿಡಾರು, ಜಿಮ್ಮು ಎಲ್ಲದರಲ್ಲೂ ನಮ್ಮ ಪಾಲು ಸೇರಿಸಿದ ಲೆಕ್ಕ. ಮನೆ ಒಳಗೆ ನಾವು ಓಡಾಡುವ ಜಾಗ, ಅಂದರೆ ಕಾರ್ಪೆಟ್ ಏರಿಯಾ, 905 ಅಂತ ಸಣ್ಣ ಅಕ್ಷರದಲ್ಲಿತ್ತು. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ ಬಂದ ಮೇಲೆ ಈ ಲೆಕ್ಕ ಕೊಡಲೇಬೇಕು. ಹೊರಗೋಡೆ, ಬಾಲ್ಕನಿ, ಪೈಪು ಹೋಗುವ ಡಕ್ಟ್ ಇದರಲ್ಲಿ ಸೇರುವುದಿಲ್ಲ. ಫ್ಲಾಟ್ ನೋಡಲು ಹೋಗುವವರು ಮೊದಲು ಈ ನಂಬರ್ ಕೇಳಿ, ಕಾಫಿ ಆಮೇಲೆ ಕುಡಿಯಿರಿ.

ಮೂರನೇ ಬೆಡ್‌ರೂಮಿಗೆ ಟೇಪ್ ಹಿಡಿದೆ. 8 ಅಡಿ 4 ಇಂಚು, 9 ಅಡಿ. ಅಂದರೆ ಈಗ ನಮ್ಮ ಅಮ್ಮ, ಮಗಳು ಇರುವ ರೂಮಿಗಿಂತ ಅರ್ಧ ಅಡಿ ಕಮ್ಮಿ! ಅಮ್ಮ ಬಾಗಿಲಲ್ಲಿ ನಿಂತು ಇಣುಕಿ, "ಇದು ಸ್ಟೋರ್ ರೂಮಾ?" ಅಂದರು. ಸೇಲ್ಸ್ ಹುಡುಗ ನಕ್ಕ, ಉತ್ತರ ಕೊಡಲಿಲ್ಲ.

ರೇಟು ಚದರಡಿಗೆ 6,500. ಸೂಪರ್ ಬಿಲ್ಟಪ್ ಲೆಕ್ಕಕ್ಕೆ 85 ಲಕ್ಷದ 80 ಸಾವಿರ. ಪಾರ್ಕಿಂಗು, ಕರೆಂಟು-ನೀರಿನ ಡೆಪಾಸಿಟ್ಟು, ಅದೂ ಇದೂ ಅಂತ ಐದೂವರೆ ಲಕ್ಷ. ಕಟ್ಟಡ ಮುಗಿದಿಲ್ಲದ್ದರಿಂದ ಜಿಎಸ್‌ಟಿ 5 ಪರ್ಸೆಂಟ್. ಅದರ ಮೇಲೆ ರಿಜಿಸ್ಟ್ರೇಷನ್. ಸ್ಟಾಂಪ್ ಡ್ಯೂಟಿ, ಸೆಸ್ಸು ಎಲ್ಲ ಸೇರಿ 6.6 ಪರ್ಸೆಂಟ್ ಅಂತ ಲೆಕ್ಕ ಹಾಕಿದ್ದೆ. ಅಷ್ಟರಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1 ಇದ್ದದ್ದು 2 ಪರ್ಸೆಂಟ್ ಆಯಿತು. ಆ ಒಂದು ಪರ್ಸೆಂಟಿಗೇ 85,000 ಜಾಸ್ತಿ. ಇಂಥ ಮಂಚ ಎರಡು ಬರುತ್ತಿದ್ದವು!

ಎಲ್ಲ ಕೂಡಿದರೆ ಒಂದು ಕೋಟಿ ಎರಡು ಲಕ್ಷ. ಬೀರು, ಕಿಚನ್ ಶೆಲ್ಫು ಬೇರೆ.

ಬ್ಯಾಂಕಿಗೆ ಹೋದೆವು. ನನ್ನ ಕೈಗೆ ಬರುವುದು 46,000, ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಅವಳಿಗೆ 22,000. ನನಗೆ 41 ವರ್ಷ. ರಿಟೈರ್ ಆಗುವವರೆಗೆ ಅಂದರೆ 19 ವರ್ಷದ ಸಾಲ. ಬೈಕಿನ ಕಂತು ಕಳೆದು ಅವರು ಕೊಡುತ್ತೇವೆ ಅಂದಿದ್ದು 34 ಲಕ್ಷ. ಎಂಟೂವರೆ ಬಡ್ಡಿಗೆ ತಿಂಗಳಿಗೆ 30,000 ಚಿಲ್ಲರೆ. ಕೊನೆಗೆ ನಾವು ಕಟ್ಟುವುದು ಒಟ್ಟು 68 ಲಕ್ಷ, ಅಂದರೆ ತೆಗೆದುಕೊಂಡದ್ದರ ಎರಡರಷ್ಟು. ಪಿಎಫ್ ಸೇರಿಸಿ ನಮ್ಮ ಉಳಿತಾಯ 11 ಲಕ್ಷ. ಇನ್ನೂ 57 ಲಕ್ಷ ಬೇಕು. ಬ್ಯಾಂಕಿನ ಹುಡುಗಿ ಒಳ್ಳೆಯವಳು. "ಸಾರ್, ಊರಲ್ಲಿ ಏನಾದ್ರೂ ಜಮೀನು…" ಅಂತ ಅರ್ಧಕ್ಕೆ ನಿಲ್ಲಿಸಿದಳು.

ಜಮೀನು ಇದೆ. ಒಂದೂವರೆ ಎಕರೆ ತೆಂಗು. ಅರ್ಧ ತಮ್ಮನದು, ನೋಡಿಕೊಳ್ಳುವವನೂ ಅವನೇ. ಅಮ್ಮ ಒಂದು ರಾತ್ರಿ ಊಟಕ್ಕೆ ಕೂತಾಗ, "ನಿನ್ನ ಪಾಲು ಮಾರ್ಬಿಡೋ. ಆ ಹುಡುಗಿಗೆ ಒಂದು ರೂಮಾಗ್ಲಿ" ಅಂದರು. ನಾನು ಸುಮ್ನೆ ಅನ್ನ ಕಲಸುತ್ತಾ ಕೂತೆ. ಮುಕ್ಕಾಲು ಎಕರೆ ಮಾರಿದರೂ 57 ಲಕ್ಷ ಹುಟ್ಟುವುದಿಲ್ಲ. ಆ ತೋಟದ ನಡುವೆ ಬೇಲಿ ಹಾಕಿಸಿ ತಮ್ಮನ ಮುಖ ನೋಡುವುದು ನನ್ನಿಂದ ಆಗುವುದೂ ಇಲ್ಲ.

ಬೇರೆ ದಾರಿಗಳನ್ನೂ ನೋಡಿದೆವು. ನೆಲಮಂಗಲದ ಆಚೆ ಒಂದು ಸೈಟು ಅಗ್ಗಕ್ಕೆ ಇತ್ತು. ಪಂಚಾಯಿತಿ ಖಾತೆ ನೋಡಿದರೆ 11ಬಿ, ಅಂದರೆ ಸರಿಯಾದ ಅನುಮೋದನೆ ಇಲ್ಲದ ಜಾಗದ ಖಾತೆ. ಬ್ಯಾಂಕಿನವರು ಕೈ ಅಲ್ಲಾಡಿಸಿಬಿಟ್ಟರು. ಒಂದೇ ಸಲ ದೊಡ್ಡ ಮೊತ್ತ ಓನರ್ ಕೈಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಲೀಸಿಗೆ ಹೋಗೋಣ ಅಂದರೆ, ಪಕ್ಕದ ಬೀದಿಯವರೊಬ್ಬರು ಲೀಸಿಗಿದ್ದ ಮನೆಗೆ ಬ್ಯಾಂಕಿನ ನೋಟಿಸು ಬಂದು ಅಂಟಿತ್ತು. ಓನರ್ ಸಾಲ ಕಟ್ಟಿರಲಿಲ್ಲ. ಅದನ್ನು ನೋಡಿದ ಮೇಲೆ ಧೈರ್ಯ ಬರಲಿಲ್ಲ. ಮೂರು ರೂಮಿನ ಬಾಡಿಗೆ ಮನೆ ನಮ್ಮ ಏರಿಯಾದಲ್ಲೇ 29,000 ಕೇಳಿದರು. ಅದು ಕೊಟ್ಟರೆ ಮಕ್ಕಳ ಫೀಸಿಗೆ ಏನು ಮಾಡುವುದು?

ಮಂಚದ ಐಡಿಯಾ ಮಗಳದ್ದು. ಹಬ್ಬಕ್ಕೆ ಊರಿಗೆ ರೈಲಿನಲ್ಲಿ ಹೋಗುವಾಗ ಮೇಲಿನ ಬರ್ತ್ ಹತ್ತಿ ಕೂತವಳು, "ಅಪ್ಪಾ, ಇಷ್ಟು ಜಾಗ ಸಾಕು ನನಗೆ" ಅಂದಳು.

ರೆಡಿಮೇಡ್ ಬಂಕ್ ಬೆಡ್ ನೋಡಿದೆವು. ಕಮ್ಮಿ ರೇಟಿನವೆಲ್ಲ ಹೊಟ್ಟು ಒತ್ತಿ ಮಾಡಿದ ಬೋರ್ಡು, ಸ್ಕ್ರೂ ಒಂದು ಸಲ ಬಿಚ್ಚಿ ಹಾಕಿದರೆ ಹಿಡಿತ ಹೋಗುತ್ತದೆ. ನಮ್ಮದು ಬಾಡಿಗೆ ಮನೆ, ಬಿಚ್ಚುವುದು ಗ್ಯಾರಂಟಿ. ಆಚಾರ್ರಿಗೆ ನಾನು ಮೂರು ಷರತ್ತು ಹೇಳಿದೆ. ಗೋಡೆಗೆ ಒಂದೂ ಮೊಳೆ ಹೊಡೆಯಬಾರದು, ಓನರ್ ಬಿಡುವುದಿಲ್ಲ. ಎಲ್ಲ ಜಾಯಿಂಟೂ ಬೋಲ್ಟ್-ನಟ್ ಇರಬೇಕು. ಕೆಳಗಿನ ಮಂಚ ಹಾಸಿಗೆ ಸೇರಿ 18 ಇಂಚು ಎತ್ತರ ಇರಬೇಕು, ಅಮ್ಮನಿಗೆ ಮಂಡಿ ನೋವು.

ಆಚಾರ್ರು ನಾಲ್ಕನೆಯದನ್ನು ಅವರೇ ಸೇರಿಸಿದರು. "ಮೇಲಿಂದು ಕೆಳಗಿಂದು ಒಂದೇ ಅಳತೆ ಮಾಡ್ತೀನಿ. ದೊಡ್ಡ ಮನೆಗೆ ಹೋದಾಗ ಬಿಚ್ಚಿ ಎರಡು ಮಂಚ ಮಾಡ್ಕೊಳಿ." ಹಾಗೆ ಹೇಳಿದ ಅಂಗಡಿಯವರು ಅವರೊಬ್ಬರೇ. ಅಲ್ಲಿಯೇ ಅಡ್ವಾನ್ಸ್ ಕೊಟ್ಟೆ.

ಹತ್ತು ದಿನ ಅಂದವರು ಇಪ್ಪತ್ನಾಲ್ಕು ದಿನ ಮಾಡಿದರು. ನಡುವೆ ಆಯುಧ ಪೂಜೆ ಬಂತು, ಒಪ್ಪಿದೆ. ಆದರೆ ಹಬ್ಬ ಎರಡು ದಿನ ಅಲ್ವಾ? ಫೋನ್ ಮಾಡಿದಾಗಲೆಲ್ಲ "ಪಾಲಿಷ್ ಒಣಗ್ತಿದೆ ಸಾರ್." ಒಂದು ದಿನ ಶೆಡ್ಡಿಗೇ ಹೋಗಿ ನೋಡಿದರೆ ಮಂಚಕ್ಕೆ ಕಾಲೇ ಇರಲಿಲ್ಲ.

ಫಿಟ್ಟಿಂಗ್ ಮಾತ್ರ ಅಚ್ಚುಕಟ್ಟು. ನಮ್ಮ ಮೆಟ್ಟಿಲಿನ ಅಗಲ ಎರಡೂ ಮುಕ್ಕಾಲು ಅಡಿ. ತುಂಡು ತುಂಡಾಗಿ ತಂದು ಮೂರು ಗಂಟೆಯಲ್ಲಿ ನಿಲ್ಲಿಸಿದರು. ಎಂಟು ಎಂಎಂ ಬೋಲ್ಟು, ಎರಡೂ ಕಡೆ ವಾಷರ್. ಮೂಲೆಗೆ ಮಟ್ಟಗೋಲು ಇಟ್ಟು ನೋಡಿದೆ, ಎಲ್ಲೂ ವಾಲಿಲ್ಲ. ಇದಕ್ಕೆ ಫುಲ್ ಮಾರ್ಕ್ಸ್.

ಈಗ ರೇಲಿಂಗ್ ವಿಷಯ. ಮೇಲಿನ ಮಂಚಕ್ಕೆ ಹಲಗೆಯಿಂದ ಹತ್ತು ಇಂಚು ರೇಲಿಂಗ್ ಇಟ್ಟಿದ್ದರು. ಚೆನ್ನಾಗಿದೆ ಅಂದುಕೊಂಡೆ. ಹಾಸಿಗೆ ಹಾಕಿದ ಮೇಲೆ ಉಳಿದದ್ದು ಐದು ಇಂಚು! ಮಗಳು ಮಗ್ಗುಲು ಬದಲಿಸಿದರೆ ಉರುಳುತ್ತಾಳೆ. ಆಚಾರ್ರಿಗೆ ಫೋನ್ ಮಾಡಿದರೆ, "ಹಾಸಿಗೆ ಎಷ್ಟು ದಪ್ಪ ಅಂತ ನೀವು ಹೇಳ್ಲೇ ಇಲ್ವಲ್ಲ ಸಾರ್." ನಿಜ, ಹೇಳಿರಲಿಲ್ಲ. ದಿನಾ ಫ್ಯಾಕ್ಟರಿಯಲ್ಲಿ ಕೂದಲೆಳೆ ಅಳತೆ ಹಿಡಿದು ಪಾರ್ಟು ರಿಜೆಕ್ಟ್ ಮಾಡುವವನು ನಾನು. ಮನೆ ಹಾಸಿಗೆ ಅಳೆದಿರಲಿಲ್ಲ. ಎರಡು ದಿನ ಬಿಟ್ಟು ಬಂದು ಇನ್ನೊಂದು ಪಟ್ಟಿ ಕೂಡಿಸಿದರು, ದುಡ್ಡು ಕೇಳಲಿಲ್ಲ. ಆ ಎರಡು ರಾತ್ರಿ ಮಗಳು ಮತ್ತೆ ನೆಲದ ಮೇಲೆ.

ಏಣಿ ಮಾತ್ರ ಅವರದೇ ತಪ್ಪು. ಮೆಟ್ಟಿಲಿಗೆ ಒಂದಿಂಚಿನ ಗುಂಡು ಪೈಪು ಹಾಕಿದ್ದಾರೆ. ಬರಿಗಾಲಿನಲ್ಲಿ ಹತ್ತಿದರೆ ಅಂಗಾಲಿಗೆ ಒತ್ತುತ್ತದೆ. ಚಪ್ಪಟೆ ಹಲಗೆ ಹಾಕಿಕೊಡಿ ಅಂತ ಎರಡು ಸಲ ಹೇಳಿದೆ. "ಬರ್ತೀನಿ ಸಾರ್" ಅಂದವರು ಇನ್ನೂ ಬಂದಿಲ್ಲ. ಸದ್ಯಕ್ಕೆ ಹೆಂಡತಿ ಹಳೇ ಸೀರೆ ಸೀಳಿ ಪೈಪಿಗೆ ಸುತ್ತಿದ್ದಾಳೆ.

ಫ್ಯಾನ್ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ನಮ್ಮ ರೂಮಿನ ಎತ್ತರ ಒಂಬತ್ತೂವರೆ ಅಡಿ, ಮೇಲಿನ ಹಲಗೆ ಐದಡಿ ಹತ್ತಿರ. ಮಗಳು ಎದ್ದು ಕೂತು ಮೈ ಮುರಿದರೆ ಕೈ ಸೀಲಿಂಗ್ ಫ್ಯಾನಿನ ರೆಕ್ಕೆಗೆ ಹತ್ತಿರ ಹೋಗುತ್ತದೆ. ಒಂದು ಕಡೆ ಸಜ್ಜ ಇರುವುದರಿಂದ ಮಂಚವನ್ನು ಆ ಗೋಡೆಗೆ ಸರಿಸಲೂ ಆಗುವುದಿಲ್ಲ. ಫ್ಯಾನ್ ಬಿಚ್ಚಿಸಿ ಗೋಡೆ ಫ್ಯಾನ್ ಹಾಕಿಸಿದೆ. ಎಲೆಕ್ಟ್ರಿಷಿಯನ್ ಸೇರಿ 3,200. ಎರಡು ತೂತು ಕೊರೆಯಲು ಓನರ್ ಹತ್ತಿರ ಪರ್ಮಿಷನ್ ತೆಗೆದುಕೊಳ್ಳುವುದು ಬ್ಯಾಂಕ್ ಸಾಲಕ್ಕಿಂತ ಕಷ್ಟ ಆಯಿತು. ಕೊನೆಗೆ ಅಮ್ಮ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ತೆಗೆದುಕೊಂಡು ಹೋಗಿ ಕೆಲಸ ಮಾಡಿಕೊಂಡು ಬಂದರು.

ಮೇಲಿನ ಮಂಚಕ್ಕೆ ಮಗಳು ಪರದೆ ಕಟ್ಟಿಕೊಂಡಿದ್ದಾಳೆ. ಒಳಗೆ ಒಂದು ಕ್ಲಿಪ್ ಲೈಟು, ಪುಸ್ತಕ. ಪರದೆ ಎಳೆದರೆ ಕೆಳಗೆ ಕತ್ತಲೆ, ಅಮ್ಮ ಒಂಬತ್ತಕ್ಕೇ ಮಲಗುತ್ತಾರೆ. ಬೆಳಿಗ್ಗೆ ಐದಕ್ಕೆ ಅಮ್ಮ ಲೈಟ್ ಹಾಕಿದರೆ ಮೇಲಿನವಳಿಗೆ ಗೊತ್ತೇ ಆಗುವುದಿಲ್ಲ. ಕಬ್ಬಿಣದ ಮಂಚ ಗುಜರಿಗೆ ಹೋಯಿತು. ಆ ಜಾಗದಲ್ಲಿ ಒಂದು ಟೇಬಲ್ ಹಿಡಿಸಿದೆ. ಮಗ ಪರದೆ ಎಳೆದು ನೋಡಿದರೆ "ಬಾಗಿಲು ತಟ್ಟಿ ಬರ್ಬೇಕು" ಅಂತ ಬೈಸಿಕೊಳ್ಳುತ್ತಾನೆ. ಅವನಿಗೆ ಇನ್ನೂ ರೂಮಿಲ್ಲ. ಅವನಿಗೂ ಹತ್ತು ಹನ್ನೆರಡು ಆದಾಗ ಏನು ಮಾಡುವುದು ಅಂತ ನನ್ನ ಹತ್ತಿರ ಉತ್ತರ ಇಲ್ಲ. ಭಾನುವಾರದ ಸೈಟ್ ವಿಸಿಟ್ ಮಾತ್ರ ನಿಲ್ಲಿಸಿದ್ದೇವೆ. ಸೇಲ್ಸ್ ಹುಡುಗ ವಾರಕ್ಕೊಮ್ಮೆ ಫೋನ್ ಮಾಡಿ, "ಸಾರ್, ರೇಟ್ ಜಾಸ್ತಿ ಆಗ್ತಿದೆ, ಈಗಲೇ ಬುಕ್ ಮಾಡಿ" ಅನ್ನುತ್ತಾನೆ.

ಮಾಡಿಸುವವರಿಗೆ ಇನ್ನೊಂದು ಮಾತು. ಮೂರು ತಿಂಗಳಿಗೊಮ್ಮೆ ಬೋಲ್ಟ್ ಬಿಗಿ ಮಾಡಬೇಕು, ಮರ ಸ್ವಲ್ಪ ಕುಗ್ಗುತ್ತದೆ. 13ರ ಸ್ಪ್ಯಾನರ್ ಸಾಕು. ನಮ್ಮದು ಅಮ್ಮನ ದಿಂಬಿನ ಪಕ್ಕ ಇರುತ್ತದೆ, ಎಲೆ-ಅಡಿಕೆ ಡಬ್ಬಿ ಜೊತೆ. ಮೇಲೆ ಕಿರ್ ಅಂದರೆ ಸಾಕು, ಬೆಳಿಗ್ಗೆ ಕಾಫಿಗಿಂತ ಮೊದಲು ಅದನ್ನು ನನ್ನ ಕೈಗೆ ಕೊಡುತ್ತಾರೆ.