ಬಿಸಿನೀರಿನ ಜಾಲಕ್ಕೆ ಡಿಜಿಟಲ್ ಟ್ವಿನ್: ಪಾಂಡಾಪೈಪ್ಸ್, ಇಪಾನೆಟ್, ಮೊಡೆಲಿಕಾ ಮೂರನ್ನೂ ಓಡಿಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇಪಾನೆಟ್‌ಗೆ. ಹೌದು, ಕುಡಿಯುವ ನೀರಿನ ಪೈಪ್‌ಲೈನ್ ಲೆಕ್ಕಕ್ಕೆ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮಾಡಿ ಪುಕ್ಕಟೆ ಕೊಟ್ಟಿರುವ ಅದೇ ಹಳೇ ಸಾಫ್ಟ್‌ವೇರ್. ಡಿಸ್ಟ್ರಿಕ್ಟ್ ಹೀಟಿಂಗ್, ಅಂದರೆ ಇಡೀ ಊರಿಗೆ ಒಂದೇ ಕಡೆಯಿಂದ ಶಾಖ ಕೊಡುವುದು, ಅಂದಾಗ ಅದರ ಹೆಸರು ಸಾಮಾನ್ಯವಾಗಿ ಯಾರ ಬಾಯಲ್ಲೂ ಬರುವುದಿಲ್ಲ.

ನಾನಿರುವುದು ಪೆರ್ಲದ ಹತ್ತಿರ. ಕೆಲಸ ಡೆನ್ಮಾರ್ಕಿನ ಒಂದು ಸಣ್ಣ ಊರಿನ ಹೀಟಿಂಗ್ ಜಾಲದ್ದು, ಮನೆಯಿಂದಲೇ. ಕಾಸರಗೋಡಿನ ಸೆಕೆಯಲ್ಲಿ ಫ್ಯಾನಿನ ಕೆಳಗೆ ಕೂತು ಇನ್ನೊಬ್ಬರ ಚಳಿಯ ಲೆಕ್ಕ ಹಾಕುವುದು ಒಂದು ತಮಾಷೆಯೇ. "ಅಲ್ಲಿ ಬಿಸಿನೀರು ಸಹ ನಳ್ಳಿಯಲ್ಲಿ ಬರ್ತದಾ ಮಾರಾಯ?" ಅಂತ ಅಪ್ಪ ಕೇಳಿದರು. ಹೆಚ್ಚುಕಮ್ಮಿ ಹೌದು. ಒಂದೇ ಕಡೆ ನೀರು ಕಾಯಿಸಿ, ನೆಲದಡಿಯ ಇನ್ಸುಲೇಟೆಡ್ ಪೈಪಿನಲ್ಲಿ ಮನೆಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಶಾಖ ಮಾತ್ರ ಇಳಿಯುತ್ತದೆ, ತಣಿದ ನೀರು ಇನ್ನೊಂದು ಪೈಪಿನಲ್ಲಿ ವಾಪಸು ಬರುತ್ತದೆ. ಡೆನ್ಮಾರ್ಕಿನ ಸುಮಾರು ಮೂರನೇ ಎರಡರಷ್ಟು ಮನೆಗಳಿಗೆ ಶಾಖ ಹೀಗೇ ಸಿಗುವುದು.

ಡಿಜಿಟಲ್ ಟ್ವಿನ್, ಅಂದರೆ ಈ ಜಾಲದ ಕಂಪ್ಯೂಟರ್ ಪ್ರತಿರೂಪ, ಬೇಕಾಗಿದ್ದು ಒಂದೇ ಪ್ರಶ್ನೆಗೆ: ಈ ಹೊತ್ತಿಗೆ ಪ್ಲಾಂಟಿನಿಂದ ನೀರನ್ನು ಎಷ್ಟು ಡಿಗ್ರಿಯಲ್ಲಿ ಬಿಡಬೇಕು? ಕಮ್ಮಿ ಬಿಟ್ಟರೆ ದಾರಿಯಲ್ಲಿ ಪೋಲಾಗುವ ಶಾಖ ಕಮ್ಮಿ, ಹೀಟ್ ಪಂಪ್ ಇದ್ದರೆ ಅದಕ್ಕೂ ಸಲೀಸು. ಆದರೆ ಅಷ್ಟೇ ಶಾಖ ಮುಟ್ಟಿಸಲು ನೀರು ಜಾಸ್ತಿ ಹರಿಯಬೇಕು. 100 ಕಿಲೋವ್ಯಾಟ್ ಬೇಕಿದ್ದರೆ, ಹೋಗುವ ನೀರಿಗೂ ಬರುವ ನೀರಿಗೂ 40 ಡಿಗ್ರಿ ಅಂತರ ಇದ್ದಾಗ ಸೆಕೆಂಡಿಗೆ 0.6 ಕೆಜಿ ನೀರು ಸಾಕು. ಅಂತರ 25ಕ್ಕೆ ಇಳಿದರೆ 0.95 ಕೆಜಿ ಬೇಕು, ಮತ್ತು ಅದೇ ಪೈಪಿನಲ್ಲಿ ಪಂಪಿನ ಖರ್ಚು ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ನಡುವೆ ಎಲ್ಲೋ ಒಂದು ಸರಿಯಾದ ಬಿಂದು ಇದೆ, ಅದು ಗಂಟೆಗಂಟೆಗೂ ಸರಿಯುತ್ತಾ ಇರುತ್ತದೆ.

ಪಾಂಡಾಪೈಪ್ಸ್‌ನಿಂದ ಶುರು ಮಾಡಿದೆ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಮತ್ತು ಕಾಸೆಲ್ ವಿಶ್ವವಿದ್ಯಾಲಯದವರ ಪೈಥಾನ್ ಲೈಬ್ರರಿ ಇದು. ಪೈಪ್, ಪಂಪ್, ಶಾಖ ತೆಗೆದುಕೊಳ್ಳುವ ಮನೆ, ಎಲ್ಲಾ ರೆಡಿ ಇದೆ. ಟೇಬಲ್ ತುಂಬಿಸಿ, ರನ್ ಕೊಡಿ, ಉತ್ತರ ಬಂತು. ಹೊಸಬರಿಗೆ ಇದರಷ್ಟು ಸುಲಭದ್ದು ನಾನು ನೋಡಿಲ್ಲ. ತೊಂದರೆ ಏನಂದ್ರೆ, ನಾನು ಓಡಿಸಿದ ರೀತಿಯಲ್ಲಿ ಅದು ಪ್ರತಿ ಗಂಟೆಯನ್ನೂ ಬೇರೆಬೇರೆಯಾಗಿ, ಎಲ್ಲಾ ಶಾಂತವಾಗಿ ನಿಂತ ಮೇಲಿನ ಸ್ಥಿತಿ ಅಂತ ಲೆಕ್ಕ ಮಾಡುತ್ತದೆ. ಪ್ಲಾಂಟಿನಲ್ಲಿ 6 ಗಂಟೆಗೆ ಬಿಸಿ ಏರಿಸಿದರೆ ಕೊನೇ ಮನೆಗೂ 6 ಗಂಟೆಗೇ ಏರಿಬಿಡುತ್ತದೆ. ನಿಜದಲ್ಲಿ ಹಾಗಿಲ್ಲ ಅಲ್ವಾ. ಒತ್ತಡದ ಬದಲಾವಣೆ ಕೆಲವೇ ಸೆಕೆಂಡಿನಲ್ಲಿ ಮುಟ್ಟುತ್ತದೆ, ಆದರೆ ಬಿಸಿ ಹೋಗುವುದು ನೀರಿನ ಜೊತೆ ಮಾತ್ರ. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ 3 ಕಿಲೋಮೀಟರ್ ಅಂದರೆ 100 ನಿಮಿಷ. ಬೆಳಗ್ಗೆ ಎಲ್ಲರೂ ಒಟ್ಟಿಗೆ ಎದ್ದು ಸ್ನಾನಕ್ಕೆ ಹೋಗುವ ಹೊತ್ತಿಗೆ ಪೈಪನ್ನು ಮೊದಲೇ ಬಿಸಿ ಮಾಡಿಡುವ ಉಪಾಯ ಇದೆಯಲ್ಲ, ಅದಕ್ಕೆ ಈ ತಡವೇ ಮುಖ್ಯ. ಪೈಪಿನ ಸೈಜು ಸರಿಯಿದೆಯಾ, ಹೊಸ ಬೀದಿ ಸೇರಿಸಿದರೆ ಒತ್ತಡ ಸಾಕಾ ಅಂತ ನೋಡಲು ಪಾಂಡಾಪೈಪ್ಸ್ ಧಾರಾಳ ಸಾಕು.

ಇನ್ನು ಇಪಾನೆಟ್. ಇದರ ಪರಿಚಯ ನನಗೆ ಅಡಿಕೆ ತೋಟದ ಸ್ಪ್ರಿಂಕ್ಲರ್ ಲೈನ್ ಹಾಕುವಾಗಲೇ ಆಗಿತ್ತು. ಅದರಲ್ಲಿ ಉಷ್ಣತೆ ಅನ್ನುವುದೇ ಇಲ್ಲ. ಕ್ಲೋರಿನ್ ಇದೆ. ಪೈಪಿನಲ್ಲಿ ಹೋಗುತ್ತಾ ಹೋಗುತ್ತಾ ಕ್ಲೋರಿನ್ ಹೇಗೆ ಕಮ್ಮಿಯಾಗುತ್ತದೆ ಅಂತ ಲೆಕ್ಕ ಹಾಕುತ್ತದೆ. ಇನ್ಸುಲೇಟೆಡ್ ಪೈಪಿನಲ್ಲಿ ನೀರು ತಣಿಯುವುದೂ ಅದೇ ಸೂತ್ರದಲ್ಲಿ. ಹಾಗಾಗಿ ನೀರಿನ ಉಷ್ಣತೆಯಿಂದ ಮಣ್ಣಿನ ಉಷ್ಣತೆ ಕಳೆದು, ಆ ಹೆಚ್ಚುವರಿಯನ್ನೇ ಕ್ಲೋರಿನ್ ಅಂತ ಕೊಟ್ಟೆ. 80 ಡಿಗ್ರಿ ನೀರು, 8 ಡಿಗ್ರಿ ಮಣ್ಣು, ಅಂದರೆ ಲೀಟರಿಗೆ 72 ಮಿಲಿಗ್ರಾಂ "ಕ್ಲೋರಿನ್". ನೋಡಿದವರು ಹೆದರಬೇಕು! ಸುಮಾರು 10 ಸೆಂಟಿಮೀಟರ್ ಒಳವ್ಯಾಸದ, ಮೀಟರಿಗೆ ಡಿಗ್ರಿಗೆ 0.25 ವ್ಯಾಟ್ ಸೋರುವ ಪೈಪಿಗೆ, ಕರಗುವ ದರ ದಿನಕ್ಕೆ ಹತ್ತಿರಹತ್ತಿರ 0.6 ಬರುತ್ತದೆ. ಪೈಪ್ ಸಣ್ಣದಾದಷ್ಟೂ ಇದು ಜಾಸ್ತಿ. ಪ್ರತಿ ಪೈಪಿಗೂ ಬೇರೆ ದರ ಕೊಡಬಹುದು, ಮೈನಸ್ ಚಿಹ್ನೆ ಹಾಕುವುದು ಮರೆಯಬೇಡಿ.

ಇಷ್ಟು ಕೊಟ್ಟರೆ ತಡ ತಾನಾಗಿಯೇ ಬಂತು, ಯಾಕಂದ್ರೆ ಇಪಾನೆಟ್ ನೀರನ್ನು ತುಂಡುತುಂಡಾಗಿ ಮುಂದೆ ಸರಿಸುತ್ತದೆ. ಮೇಲಿನ ಪೈಪಿನಲ್ಲೇ ಚಳಿಗಾಲದ ವೇಗಕ್ಕೆ 3 ಕಿಲೋಮೀಟರಿನಲ್ಲಿ 3 ಡಿಗ್ರಿ ಮಾತ್ರ ಇಳಿಯಿತು. ಬೇಸಿಗೆಯಲ್ಲಿ ಹೀಟರ್ ಎಲ್ಲಾ ಬಂದ್, ವೇಗ ಹತ್ತರಲ್ಲಿ ಒಂದು ಪಾಲು. ಆಗ ಅದೇ ನೀರು 24 ಡಿಗ್ರಿ ಕಳೆದುಕೊಂಡು 56ಕ್ಕೆ ಮುಟ್ಟಿತು. ಬೆಚ್ಚಗಿನ ನೀರಿನಲ್ಲಿ ಬೆಳೆದು ಕಾಯಿಲೆ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇರುವುದರಿಂದ ಅದಕ್ಕಿಂತ ಕೆಳಗೆ ಇಳಿಸಲು ಧೈರ್ಯ ಸಾಲದು.

ಕಿರಿಕಿರಿ ಇಲ್ಲ ಅಂತಲ್ಲ. ಉಷ್ಣತೆ ಇಳಿದರೆ ಹರಿವು ಏರಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ, ಸ್ವಲ್ಪ ಪೈಥಾನ್ ಬರೆದು ಹೊರಗಿನಿಂದ ಹೇಳಿಕೊಡಬೇಕು. ಒಮ್ಮೆ ಇಡೀ ದಿನ ಓಡಿಸು, ಉಷ್ಣತೆ ನೋಡು, ಹರಿವು ತಿದ್ದು, ಮತ್ತೆ ಓಡಿಸು. ಕೆಲವೇ ಸುತ್ತಿನಲ್ಲಿ ನಿಲ್ಲುತ್ತದೆ. ಒಂದೊಂದು ಸುತ್ತೂ ಎಷ್ಟು ಬೇಗ ಮುಗಿಯುತ್ತದೆ ಅಂದರೆ, ನೂರಾರು ಬೇರೆಬೇರೆ ಉಷ್ಣತೆಯ ಪ್ಲಾನ್‌ಗಳನ್ನು ಹಳೇ ಲ್ಯಾಪ್‌ಟಾಪಿನಲ್ಲೇ ಹೋಲಿಸಬಹುದು. ಆಪ್ಟಿಮೈಸ್ ಮಾಡುವವನಿಗೆ ಅದೇ ತಾನೇ ಬೇಕಾಗಿದ್ದು?

ಕೊನೆಗೆ ಮೊಡೆಲಿಕಾ, ಯಂತ್ರ, ಪೈಪು ಹೇಗೆ ನಡೆದುಕೊಳ್ಳುತ್ತವೆ ಅನ್ನುವುದನ್ನು ಸಮೀಕರಣಗಳಲ್ಲೇ ಬರೆಯುವ ಭಾಷೆ. ಮೂರರಲ್ಲಿ ಅತ್ಯಂತ ನಿಖರ, ಅದರಲ್ಲಿ ಎರಡು ಮಾತಿಲ್ಲ. ಸ್ವೀಡನ್ನಿನ ಲಿಂಶೋಪಿಂಗ್ ವಿಶ್ವವಿದ್ಯಾಲಯದಲ್ಲಿ ಬೆಳೆದ, ಅದನ್ನು ಓಡಿಸುವ ಓಪನ್‌ಮೊಡೆಲಿಕಾ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ನೀರು ಉಲ್ಟಾ ಹರಿದರೂ ಅದರ ಪೈಪ್ ಮಾಡೆಲ್ ತಲೆ ಕೆಡಿಸಿಕೊಳ್ಳುವುದಿಲ್ಲ, ವಾಲ್ವಿನ ಕಂಟ್ರೋಲರ್ ಹೇಗೆ ಹೊಯ್ದಾಡುತ್ತದೆ ಅನ್ನುವುದನ್ನೂ ತೋರಿಸುತ್ತದೆ. ಆದರೆ ಇಡೀ ಊರನ್ನು ಅದಕ್ಕೆ ಹಾಕಿದರೆ ಕಂಪೈಲ್ ಆಗುವಷ್ಟರಲ್ಲಿ ಚಹಾ ಕುಡಿದು ಬರಬಹುದು, ರನ್ ಆಗುವಷ್ಟರಲ್ಲಿ ಊಟವೂ ಮುಗಿಯುತ್ತದೆ. ಜುಲೈ ಮಳೆಗೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು, ಅರ್ಧಕ್ಕೆ ನಿಂತ ರನ್ನನ್ನು ಮೊದಲಿಂದ ಶುರು ಮಾಡುವುದು ಶುದ್ಧ ತಲೆನೋವು. ಈಗ ಒಂದು ಸಬ್‌ಸ್ಟೇಷನ್ (ಜಾಲದ ಶಾಖವನ್ನು ಮನೆಗೆ ದಾಟಿಸುವ ಘಟಕ) ಮಾತ್ರ ಬೇಕಾದಾಗ ಅದನ್ನು ತೆಗೆಯುತ್ತೇನೆ.

ಇನ್ನೊಂದು ವಿಷಯ. ಬೇಸಿಗೆಯಲ್ಲಿ ಒಂದು ಬೀದಿಯ ಕೊನೆಯ ಮೀಟರಿನಲ್ಲಿ, ಮೂರೂ ಟೂಲ್ ಹೇಳಿದ್ದಕ್ಕಿಂತ ನೀರು ಬಿಸಿಯಾಗಿಯೇ ಇತ್ತು. ಇನ್ಸುಲೇಷನ್ ಲೆಕ್ಕ ತಿದ್ದಿ ಹೊಂದಿಸೋಣ ಅಂತ ಅನಿಸುವುದು ಸಹಜ, ಸುಮ್ನೆ ಹಾಗೆ ಮಾಡಬೇಡಿ. ಹಾಗೆ ಹೊಂದಿಸಿದ ಮಾಡೆಲ್ ಚಳಿಗಾಲದಲ್ಲಿ ಕೈಕೊಡುತ್ತದೆ. ಅಲ್ಲಿಯ ಫಿಟ್ಟರ್ ಒಬ್ಬರನ್ನು ಕೇಳಿದಾಗ ಗೊತ್ತಾಯಿತು, ಆ ಬೀದಿಯ ತುದಿಯಲ್ಲಿ ಒಂದು ಬೈಪಾಸ್ ವಾಲ್ವ್ ಇದೆ, ನೀರು ತಣಿದ ಕೂಡಲೇ ಅದು ತೆರೆದು ಬಿಸಿನೀರನ್ನು ಸೀದಾ ವಾಪಸು ಪೈಪಿಗೆ ಬಿಡುತ್ತದೆ. ಹಾಗಾಗಿ ನೀರು ನಿಂತು ತಣಿಯದೆ ಹರಿಯುತ್ತಲೇ ಇರುತ್ತದೆ. ಡ್ರಾಯಿಂಗಿನಲ್ಲಿ ಆ ವಾಲ್ವ್ ಇರಲೇ ಇಲ್ಲ. ಇಪಾನೆಟ್‌ನಲ್ಲಿ ಅಲ್ಲೊಂದು ಸಣ್ಣ ಹರಿವು ಸೇರಿಸಿದ ಮೇಲೆ ಲೆಕ್ಕ ಮೀಟರಿಗೆ ತಾಳೆಯಾಯಿತು. ಉಳಿದ ಬೀದಿಗಳ ಬೈಪಾಸ್ ಪಟ್ಟಿ ಕಳಿಸಿ ಅಂತ ಮೇಲ್ ಹಾಕಿದ್ದೇನೆ.